ಕಾಶಿಯಲ್ಲಿ ನಾನು ಕುಡಿಸಿದ ಬಿಳಿ ಟೀ

ಕಾಶಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಏನು ಬಿಟ್ಟು ಬಂದೆ?" ಕಾಶಿಗೆ ಹೋದವರು ತಮಗೆ ಇಷ್ಟವಾದದ್ದು ಏನಾದರೊಂದು ಬಿಟ್ಟು ಬರಬೇಕಲ್ಲ. ನಾನು "ಹಾಗಲಕಾಯಿ" ಅನ್ನುತ್ತೇನೆ. ಎಲ್ಲರೂ ನಗುತ್ತಾರೆ, ಯಾಕೆಂದರೆ ನಾನು ಹಾಗಲಕಾಯಿ ತಿಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಹೋಗಿದ್ದರಿಂದ ಅಲ್ಲಿ ಇನ್ನೊಬ್ಬರು ಏನು ಬಿಡಬೇಕಾಯಿತು ಅಂತ ಯಾರೂ ಕೇಳುವುದಿಲ್ಲ. ಗೊತ್ತಿದ್ದರೆ ತಾನೇ ಕೇಳುವುದು? ಅದನ್ನೇ ಈಗ ಬರೆದುಬಿಡುತ್ತೇನೆ.

ರೈಲಿನಲ್ಲಿ

ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ನಾನು ಹಾಸನದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಒಮ್ಮೆ ಗಿರಾಕಿಯೊಬ್ಬರು ಗ್ರೀನ್ ಟೀ ಪೊಟ್ಟಣ ಕೊಟ್ಟರು. ಮನೆಗೆ ತಂದು ಕುದಿಸಿ ಕುಡಿದೆ, ಬೇವಿನ ಕಷಾಯ. ಇಷ್ಟು ಕಹಿ ಯಾಕೆ ಅಂತ ಫೋನಿನಲ್ಲಿ ಹುಡುಕಿದೆ. ನೀರು ಕುದಿಯಬಾರದಂತೆ, ಎಂಬತ್ತು ಡಿಗ್ರಿಗೆ ನಿಲ್ಲಿಸಬೇಕಂತೆ. ಅಷ್ಟೇ. ಅವತ್ತು ಹುಡುಕಲು ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ. ಹಸಿರು ಟೀ, ಬಿಳಿ ಟೀ, ಅರೆಕಪ್ಪು ಊಲಾಂಗ್ ಟೀ ಅಂತ ಒಂದೊಂದೇ ಡಬ್ಬಿ ಕೂಡಿಸಿದೆ. ಗ್ರಾಂ ಲೆಕ್ಕದಲ್ಲಿ ತೂಗುವ ಪುಟ್ಟ ತಕ್ಕಡಿ, ನೀರಿಗೆ ಅದ್ದುವ ಥರ್ಮಾಮೀಟರ್, ಮುಚ್ಚಳವಿರುವ ಪಿಂಗಾಣಿ ಬಟ್ಟಲು, ಎಲ್ಲಾ ಬಂತು. ಕಲಿತದ್ದನ್ನು ಒಬ್ಬಳೇ ಇಟ್ಟುಕೊಳ್ಳುವುದು ನನ್ನಿಂದಾಗದು. "ಟೀ ಕೊಡ್ತೀಯೋ ಪಾಠ ಮಾಡ್ತೀಯೋ, ಒಂದು ಹೇಳು," ಅಂತ ಅಪ್ಪ ಎಷ್ಟೋ ಸಲ ಎದ್ದು ಹೋಗಿ ಮೂಲೆಯ ಹೋಟೆಲಿನಲ್ಲಿ ಕುಡಿದು ಬಂದಿದ್ದಾರೆ. ಮನೆಯವರು ಕೇಳದಿದ್ದರೇನಂತೆ, ಫೋನಿನಲ್ಲಿ ಒಂದು ಪೇಜು ಮಾಡಿಕೊಂಡು ಅಲ್ಲಿ ವಿಡಿಯೊ ಹಾಕುತ್ತಿದ್ದೆ.

ಬನಾರಸ್ಸಿನ ಯೂನಿವರ್ಸಿಟಿಯಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುವ ವೀಣಾ ಚಿಕ್ಕಮ್ಮ "ಒಂದು ವಾರ ಬಂದು ಹೋಗೇ" ಅಂತ ಬಹಳ ದಿನದಿಂದ ಕರೆಯುತ್ತಿದ್ದಳು. ಚಳಿ ಮುಗಿಯುವ ಹೊತ್ತಿಗೆ ಹೊರಟೆ. ಚೀಲದ ಅರ್ಧ ಬಟ್ಟೆ, ಅರ್ಧ ಟೀ ಸಾಮಾನು.

ರೈಲು ಹತ್ತಿದ ಎರಡನೆಯ ದಿನ ನನ್ನ ಟೀ ಇಲ್ಲದೆ ತಡೆಯಲಾಗಲಿಲ್ಲ. ಟೀ ಮಾರುತ್ತಾ ಬಂದವನ ಹತ್ತಿರ ಬರೀ ಬಿಸಿನೀರು ಕೇಳಿದೆ. ಅವನು ನನ್ನನ್ನೇ ಒಂದು ಕ್ಷಣ ನೋಡಿ, ರೈಲಿನ ಅಡುಗೆ ಬೋಗಿಗೆ ಹೋಗಿ ತಂದುಕೊಟ್ಟ. ತಕ್ಕಡಿ ಸೀಟಿನ ಮೇಲಿಟ್ಟೆ. ರೈಲು ಕುಲುಕಿದ ಹಾಗೆಲ್ಲಾ ಐದು ಗ್ರಾಂ, ಒಂಬತ್ತು ಗ್ರಾಂ, ಸೊನ್ನೆ. ಕೊನೆಗೆ ಅಂದಾಜಿನಲ್ಲಿ ಎಲೆ ಹಾಕಿ ಒಂದು ಗುಟುಕು ಕುಡಿದರೆ ಶುಂಠಿ, ಏಲಕ್ಕಿ, ಹಾಲಿನ ವಾಸನೆ. ಟೀ ಕಾಯಿಸಿದ ಪಾತ್ರೆಯಲ್ಲೇ ನೀರು ಕಾಯಿಸಿ ಕೊಟ್ಟಿದ್ದ ಮಹಾನುಭಾವ. ಎದುರು ಕೂತಿದ್ದ ಹೆಂಗಸು ತನ್ನ ಸ್ಟೀಲ್ ಲೋಟದ ಟೀಯನ್ನು ಸುರ್ ಅಂತ ಹೀರಿ, "ಪೀ ಲೋ ಬೇಟಾ, ಯಹೀ ಅಚ್ಛಾ ಹೈ," ಅಂದಳು. ಕುಡಿ ಮಗಳೇ, ಇದೇ ಚೆನ್ನಾಗಿರೋದು ಅಂತ. ಇಷ್ಟು ತಿಳಿಯದ ಜನ ಅಂತ ಮನಸ್ಸಿನಲ್ಲೇ ಮುಖ ತಿರುಗಿಸಿದೆ. ಅಲ್ಲೇ ನನಗೊಂದು ಎಚ್ಚರಿಕೆ ಸಿಕ್ಕಿತ್ತು, ಈಗ ಅನ್ನಿಸುತ್ತದೆ.

ಭೇಲೂಪುರ, ಮೆಟ್ಟಿಲ ಕೆಳಗಿನ ಕೋಣೆ

ಚಿಕ್ಕಮ್ಮನ ಬಾಡಿಗೆ ಮನೆ ಭೇಲೂಪುರದಲ್ಲಿ, ಮೊದಲ ಮಹಡಿ. ಕೆಳಗೆ ಒಂದು ಕ್ಲಿನಿಕ್ಕು, ಅದರ ಪಕ್ಕ ಮೆಟ್ಟಿಲ ಕೆಳಗೆ ಒಂದು ಕೋಣೆ. ಬೆಳಗ್ಗೆ ಎದ್ದವಳೇ ಅಡುಗೆಮನೆಯಲ್ಲಿ ನನ್ನ ಡಬ್ಬಿಗಳನ್ನು ಜೋಡಿಸತೊಡಗಿದೆ.

"ಈ ಮನೇಲಿ ಟೀ ಮಾಡಲ್ಲ ಕಣೇ," ಅಂದಳು ಚಿಕ್ಕಮ್ಮ. "ಕೆಳಗೆ ಹೋಗ್ಬೇಕು. ಮುಖ ತೊಳ್ಕೊಂಡು ಬಾ."

ಮೆಟ್ಟಿಲಿಗೇ ವಾಸನೆ ಬಂತು. ಹಸಿಶುಂಠಿ ಜಜ್ಜಿದ್ದು, ಹಾಲು ಉಕ್ಕಿದ್ದು, ಟೀ ಪುಡಿ ಬೆಂದದ್ದು. ಕೋಣೆಯಲ್ಲಿ ಒಂದು ಮಂಚ, ಒಂದು ಗ್ಯಾಸ್ ಒಲೆ, ಗೋಡೆಗೆ ದೇವರ ಪಟ. ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದವರು ನಂಜಮ್ಮಜ್ಜಿ. ನಮ್ಮ ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯವರು. ಗಂಡ ಹೋದ ಮೇಲೆ ಅಸ್ಥಿ ಬಿಡಲು ಕಾಶಿಗೆ ಬಂದವರು ವಾಪಸ್ಸು ಹೋಗಲಿಲ್ಲವಂತೆ. ಇಲ್ಲೇ ಇದ್ದು ಇಲ್ಲೇ ಕಣ್ಣು ಮುಚ್ಚಬೇಕು ಅಂತ.

"ಹಾಸನದೋಳಾ? ಬಾ ಮಗ, ಕೂತ್ಕೊ. ಅದ್ರಕ್ ಜಾಸ್ತಿ ಆದ್ರೆ ಹೇಳು," ಅಂದರು. ಮಾತು ನಮ್ಮ ಕಡೆಯದೇ, ನಡುನಡುವೆ ಶುಂಠಿಗೆ ಅದ್ರಕ್ ಅನ್ನುವಂಥ ಹಿಂದಿಯ ಹರಳು.

ಅಜ್ಜಿ ಟೀ ಮಾಡುವುದನ್ನು ನೋಡಿದೆ. ಅಳತೆಯಿಲ್ಲ, ಗಡಿಯಾರವಿಲ್ಲ. ಪಾತ್ರೆ ಒಂದು ಸಲ ಉಕ್ಕಿ ಬಂತು, ಇಳಿಸಿದರು. ಎರಡನೇ ಸಲ ಉಕ್ಕಿತು, ಇಳಿಸಿದರು. ಮೂರನೇ ಸಲ ಉಕ್ಕುವಾಗ ಮುಖವನ್ನೇ ಹಬೆಯ ಮೇಲೆ ತಂದು, ಕಣ್ಣು ಮುಚ್ಚಿ, ಉಸಿರನ್ನು ಹೊಟ್ಟೆಯ ತನಕ ಎಳೆದುಕೊಂಡರು. ಹಾಗೇ ಸ್ವಲ್ಪ ಹೊತ್ತು ಇದ್ದರು. ಆಮೇಲೆ "ಆತು" ಅಂದು ಒಲೆ ಆರಿಸಿದರು. ಒಂದು ಹನಿಯೂ ನಾಲಿಗೆಗೆ ಇಟ್ಟು ನೋಡಲಿಲ್ಲ. ನಾಲ್ಕು ಲೋಟ ಸೋಸಿದರು. ಒಂದು ಚಿಕ್ಕಮ್ಮನಿಗೆ, ಒಂದು ನನಗೆ, ಒಂದು ಮನೆ ಮಾಲೀಕರ ಹೆಂಡತಿಗೆ, ಒಂದು ಕ್ಲಿನಿಕ್ಕಿನ ನರ್ಸಮ್ಮನಿಗೆ. ತಮಗಿಲ್ಲ.

ಟೀ ಹೇಗಿತ್ತು ಅಂತ ಕೇಳಿದರೆ, ನಿಜ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಹಾಲಿನ ಟೀ ನಾನು ಕುಡಿದಿಲ್ಲ. ಆದರೆ ಅವತ್ತು ಹಾಗೆ ಹೇಳಲಿಲ್ಲ. ಏನು ಹೇಳಿದೆ ಗೊತ್ತಾ?

"ಅಜ್ಜಿ, ಇಷ್ಟು ಕುದಿಸಿದ್ರೆ ಎಲೆಯ ನಿಜವಾದ ರುಚಿ ಸತ್ತುಹೋಗುತ್ತೆ."

ಚಿಕ್ಕಮ್ಮ ಲೋಟದ ಮೇಲಿಂದ ನನ್ನನ್ನು ನೋಡಿದಳು. ನಾನು ನಿಲ್ಲಿಸಲಿಲ್ಲ. ಹಸಿರು ಟೀ ಅಂದರೇನು, ಕಪ್ಪು ಟೀ ಅಂದರೇನು, ಬಿಳಿ ಟೀಗೆ ಬಿಚ್ಚದ ಚಿಗುರು ಮಾತ್ರ ಹೇಗೆ ಕೀಳುತ್ತಾರೆ, ಲೋಟದ ಟೀ ಅರವತ್ತು ಡಿಗ್ರಿಗೆ ಇಳಿದಾಗಲೇ ಯಾಕೆ ಕುಡಿಯಬೇಕು, ಎಲ್ಲಾ ಹೇಳಿದೆ. "ಹೆಸರು ಬೇರೆಬೇರೆ ಅಷ್ಟೇ ಅಜ್ಜಿ. ಎಲ್ಲಾನೂ ಒಂದೇ ಗಿಡ," ಅಂತ ಮುಗಿಸಿದೆ. ಈ ಸಾಲನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕೇಳಿದವರು ಬೆರಗಾಗುತ್ತಾರೆ, ನನಗೆ ಅದು ಬಹಳ ಇಷ್ಟ.

"ಹೌದಾ? ಒಂದೇ ಗಿಡವಾ?" ಅಜ್ಜಿ ನಿಜಕ್ಕೂ ಬೆರಗಾದರು. "ಮೂವತ್ತು ವರ್ಸ ಹೋಟ್ಲಲ್ಲಿ ಟೀ ಕಾಯ್ಸಿದೀನಿ, ಗೊತ್ತೇ ಇರ್ನಿಲ್ಲ ನೋಡು. ವೀಣಾ, ನಿಮ್ಮ ಹುಡುಗಿ ಟೀ ಮೇಷ್ಟ್ರಮ್ಮ ಕಣವ್ವ!"

ಅದು ಗೇಲಿ ಅಂತ ನನಗೆ ಹೊಳೆಯಲಿಲ್ಲ. ಬಿರುದು ಅಂದುಕೊಂಡೆ.

ದಶಾಶ್ವಮೇಧ

ಮಾರನೇ ದಿನ ಅಜ್ಜಿಯೇ ಗಂಗೆಯ ಘಾಟಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಆಟೋದವನ ಜೊತೆ ಹಿಂದಿಯಲ್ಲಿ ಜಗಳ, ನನ್ನ ಜೊತೆ ಕನ್ನಡದಲ್ಲಿ ಅವನ ದೂರು. ಇಳಿಯುವಾಗ ಇಬ್ಬರೂ ನಗುತ್ತಿದ್ದರು.

ಮೆಟ್ಟಿಲ ಮೇಲೆ ಒಬ್ಬ ಮುದುಕ ನಿಂಬೆ ಟೀ ಮಾರುತ್ತಿದ್ದ. ಹಾಲಿಲ್ಲದ ಟೀಗೆ ನಿಂಬೆರಸ, ಕಪ್ಪುಪ್ಪು, ಹುರಿದ ಜೀರಿಗೆಯ ಯಾವುದೋ ಪುಡಿ. ಮಣ್ಣಿನ ಪುಟ್ಟ ಬಟ್ಟಲಿನಲ್ಲಿ ಕೊಟ್ಟ. ಅದನ್ನು ಪುರ್ವಾ ಅನ್ನುತ್ತಾರೆ. ನಾನು ಚೀಲದಿಂದ ಥರ್ಮಾಮೀಟರ್ ತೆಗೆದು ಅದ್ದಿದೆ.

ಮುದುಕ ಗಾಬರಿಯಾದವನ ಹಾಗೆ ನನ್ನ ಕಡೆ ಬಾಗಿ, "ಕಾ ಹೋ ಬಿಟಿಯಾ, ಚಾಯ್ ಕೋ ಬುಖಾರ್ ಹೈ ಕಾ?" ಅಂದ. ಟೀಗೆ ಜ್ವರ ಬಂದಿದೆಯಾ ಅಂತ. ಮೆಟ್ಟಿಲ ಮೇಲೆ ಕೂತವರೆಲ್ಲಾ ನಕ್ಕರು. ಅಜ್ಜಿಯಂತೂ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ನನಗೆ ಕಿವಿ ಬಿಸಿಯಾಯಿತು. ಬಟ್ಟಲು ಚೆನ್ನಾಗಿದೆ ಅಂತ ತೊಳೆದು ಚೀಲಕ್ಕೆ ಹಾಕಹೋದರೆ ಅದಕ್ಕೂ ಮುದುಕನ ಬೈಗುಳ. ಕುಡಿದ ಮೇಲೆ ಅದು ಎಂಜಲು, ಒಡೆದು ಹಾಕಬೇಕು. ಕೈಯಿಂದ ಕಿತ್ತು ಬುಟ್ಟಿಗೆ ಎಸೆದ.

"ನೀವೂ ಒಂದು ಕುಡೀರಿ ಅಜ್ಜಿ. ಇದ್ರಲ್ಲಿ ಹಾಲಿಲ್ಲ," ಅಂದೆ.

"ನಾ ಟೀ ಬುಟ್ಟಿದೀನಿ ಮಗ." ಕೆಳಗೆ ನೀರಿಗೆ ತಾಗಿದ ಮೆಟ್ಟಿಲು ತೋರಿಸಿದರು. "ಅಗೋ ಅಲ್ಲೇ."

ಆಮೇಲೆ ಹೇಳಿದರು. ಊರಿನ ಬಸ್ ನಿಲ್ಲುವ ಕ್ರಾಸಿನಲ್ಲಿ ಗಂಡ ಹೆಂಡತಿ ಸಣ್ಣ ಹೋಟೆಲ್ ನಡೆಸುತ್ತಿದ್ದರು. ಬಾಗಿಲು ತೆಗೆಯುವ ಮುಂಚೆ, ಮೊದಲ ಪಾತ್ರೆಯ ಟೀ ಇಬ್ಬರೇ ಕುಡಿಯುತ್ತಿದ್ದರು. ಆಮೇಲೆ ಇಡೀ ದಿನ ಮಾತಾಡಲು ಪುರಸೊತ್ತು ಸಿಗುತ್ತಿರಲಿಲ್ಲವಂತೆ.

"ಅಸ್ತಿ ಬುಡೋವಾಗ ಪಂಡಾ, ಇಲ್ಲಿನ ಪುರೋಯ್ತ್ರು, ಕೇಳಿದ್ರು, ಅಮ್ಮ ಏನ್ ಬುಡ್ತೀರ ಅಂತ. ನಮ್ಮ ಜೊತೆ ಬಂದಿದ್ದೋರು ಸೀಬೆಹಣ್ಣು ಅಂದ್ರು, ಪಡವಲಕಾಯಿ ಅಂದ್ರು. ತಿನ್ನದೇ ಇರೋದ್ನ ಬುಡೋದು ಯಾವ ಸೀಮೆ ಬುಡೋದು? ನಂಗೆ ಇದ್ದಿದ್ದೇ ಅದೊಂದು. ಅವ್ರ ಜೊತೇಲಿ ಅದೂ ಹೋಗ್ಲಿ ಅಂತ ಬುಟ್ಟೆ."

"ಮತ್ತೆ ದಿನಾ ಮಾಡ್ತೀರಲ್ಲ?"

"ಕುಡಿಯೋದ ಬುಟ್ಟಿದೀನಿ. ಕಾಯ್ಸೋದ ಬುಟ್ಟಿಲ್ವಲ್ಲ," ಅಂದು ತುಂಟ ಹುಡುಗಿಯ ಹಾಗೆ ನಕ್ಕರು. "ವಾಸ್ನೆ ಬರ್ತದೆ ನೋಡು, ಆಗ ಒಂದ್ ಗಳಿಗೆ ಅವ್ರೂ ಬಂದಂಗಾಗ್ತದೆ. ಅಷ್ಟ್ ಸಾಕು. ನೀ ಏನ್ ಬುಡ್ತೀಯ?"

"ಹಾಗಲಕಾಯಿ."

"ತಿಂತೀಯ?"

"ಇಲ್ಲ."

"ಪರವಾಗಿಲ್ಲ ಬುಡು, ಹಾಗಲಕಾಯಿ ಬದುಕ್ತು," ಅಂದರು.

ವಿಶ್ವನಾಥ ಗಲ್ಲಿ

ಮೂರನೆಯ ದಿನ ಒಬ್ಬಳೇ ವಿಶ್ವನಾಥ ಗಲ್ಲಿಗೆ ಹೋದೆ. ಅಂಗಡಿಯವರು ನನ್ನ ಮುಖ ನೋಡಿದ ಕೂಡಲೇ "ಬನ್ನಿ ಅಮ್ಮ, ಬನ್ನಿ, ನೋಡಿ ಮಾತ್ರ" ಅಂತ ಕನ್ನಡದಲ್ಲಿ ಕರೆಯುತ್ತಿದ್ದರು. ಜನರ ನಡುವೆ ಒಂದು ಎತ್ತು ನನಗಿಂತ ಸಲೀಸಾಗಿ ದಾರಿ ಮಾಡಿಕೊಂಡು ಹೋಯಿತು. ಅದರ ಹಿಂದೆಯೇ ನಡೆದೆ. ನಡೆಯುತ್ತಾ ನನ್ನ ತಲೆಯಲ್ಲಿ ಒಂದೇ ಓಡುತ್ತಿತ್ತು. ಅಜ್ಜಿ ಬಿಟ್ಟದ್ದು ಯಾವ ಟೀ? ಪುಡಿ, ಹಾಲು, ಸಕ್ಕರೆ ಹಾಕಿ ಕುದಿಸಿದ ಟೀ. ನನ್ನ ಡಬ್ಬಿಯಲ್ಲಿರುವ ಬಿಳಿ ಟೀಯನ್ನು ಕುದಿಸುವುದಿಲ್ಲ, ಹಾಲಿಲ್ಲ, ಸಕ್ಕರೆಯಿಲ್ಲ, ಬಣ್ಣವೂ ಇಲ್ಲ. ಅಜ್ಜಿ ಅದನ್ನು ಕಂಡೇ ಇಲ್ಲ. ಕಾಣದೇ ಇರುವುದನ್ನು ಹೇಗೆ ಬಿಟ್ಟ ಹಾಗಾಗುತ್ತದೆ? ಹಾಗಾದರೆ ಕುಡಿಸಬಹುದು. ಮೂವತ್ತು ವರ್ಷ ಟೀ ಕಾಯಿಸಿದವರು ಮೊದಲ ಸಲ ಬಿಳಿ ಟೀ ಕುಡಿದು ಏನು ಹೇಳುತ್ತಾರೆ? ಎಂಥಾ ವಿಡಿಯೊ ಆಗುತ್ತದೆ!

ಹೌದು, ವಿಡಿಯೊ. ಅದನ್ನು ಮುಚ್ಚಿಟ್ಟರೆ ಇದನ್ನು ಬರೆದು ಪ್ರಯೋಜನವಿಲ್ಲ. ಅಜ್ಜಿಗೆ ಖುಷಿಯಾಗಲಿ ಅನ್ನುವುದು ಸ್ವಲ್ಪ ಇತ್ತು. ಬಹುಪಾಲು ಇದ್ದದ್ದು ಅವರ ಮುಖ ನನ್ನ ಪೇಜಿನ ಮೇಲೆ ಬರಲಿ ಅನ್ನುವುದು.

ಅಜ್ಜಿ ಎಂಜಲು ಅನ್ನಬಾರದು ಅಂತ ಒಂದು ಹೊಸ ಹಿತ್ತಾಳೆ ಬಟ್ಟಲು ಕೊಂಡೆ. ಅಷ್ಟು ಯೋಚನೆ ಮಾಡಿದ್ದೆ ನೋಡಿ.

ವಾಪಸ್ಸು ಬಂದರೆ ಅಜ್ಜಿ ಕಂಬಳಿ ಹೊದ್ದು ಕೂತಿದ್ದರು. "ಜುಕಾಮ್ ಆಗದೆ ಕಣ್ ಮಗ. ಮೂಗು ಎಲ್ಡೂ ಕಟ್ಕಂಡದೆ. ಬೆಳಿಗ್ಗೆ ಟೀಗೆ ಸಕ್ರೆ ಹಾಕಿದ್ನೋ ಇಲ್ವೋ, ವೀಣನ್ನ ಕೇಳ್ಬೇಕಾಯ್ತು."

ಮೂಗು ಕಟ್ಟಿದೆ. ವಾಸನೆ ಗೊತ್ತಾಗುವುದಿಲ್ಲ. ನನಗೆ ಆಗ ಬಂದ ಯೋಚನೆಯನ್ನು ಬರೆಯಲು ಕೈ ಬರುತ್ತಿಲ್ಲ. ಒಳ್ಳೆಯದೇ ಆಯಿತು ಅನ್ನಿಸಿತ್ತು.

"ಅಜ್ಜಿ, ಒಂದು ಕಷಾಯ ಮಾಡಿಕೊಡ್ತೀನಿ."

"ಯಾವ ಕಸಾಯ?"

"ಬೆಟ್ಟದ ಮೇಲಿನ ಒಂದು ಚಿಗುರು. ಬಿಸಿನೀರಲ್ಲಿ ನೆನೆಸೋದು, ಅಷ್ಟೇ."

"ಟೀ ಅಲ್ಲ ತಾನೇ, ಮೇಷ್ಟ್ರಮ್ಮ?"

"ಅಯ್ಯೋ, ಅಲ್ಲ ಅಜ್ಜಿ."

ಇಷ್ಟೇ ನಡೆದದ್ದು. ಕೇಳಿದರು, ಅಲ್ಲ ಅಂದೆ.

ಅವರ ಒಲೆಯ ಮೇಲೇ ನೀರು ಕಾಯಿಸಿದೆ. ಥರ್ಮಾಮೀಟರ್ ಅದ್ದಿದೆ, ಎಲೆ ತೂಗಿದೆ, ನಿಮಿಷ ಎಣಿಸಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಬಿಳಿ ಟೀ ಮಾಡಿಲ್ಲ. ತಿಳಿಯಾದ ಹೊಂಬಣ್ಣ, ನೀರಿಗಿಂತ ಒಂದು ಕೂದಲೆಳೆ ಹೆಚ್ಚು. ಚೊಂಬಿಗೆ ಆನಿಸಿ ಫೋನು ನಿಲ್ಲಿಸಿದೆ. ಅಜ್ಜಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು.

"ಹೆಂಗಿದೆ ಅಜ್ಜಿ? ಹೆಂಗಿದೆ?"

ಅವರು ನುಂಗಿದರು. ಬಟ್ಟಲಿನೊಳಗೆ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು.

"ನಾಲ್ಗೆಗೆ ಒಗರು ಗೊತ್ತಾಯ್ತದೆ. ಗಿಡ ಯಾವ್ದು ಮಗ?"

ಆಗಲಾದರೂ ನನ್ನ ಬಾಯಿ ಮುಚ್ಚಬೇಕಿತ್ತು. "ಗಿಡ ಅದೇ ಅಜ್ಜಿ, ಆದ್ರೆ ಇದನ್ನ ಹುರಿಯಲ್ಲ, ಉಜ್ಜಲ್ಲ, ಬರೀ ಒಣಗಿಸೋದು, ಅದಕ್ಕೇ ನೀವು ಬಿಟ್ಟಿದ್ದು ಬೇರೆ, ಇದು ಬೇರೆ..."

"ಮೊನ್ನೆ ನೀನೇ ಹೇಳ್ದಲ್ಲ. ಎಲ್ಲಾ ಒಂದೇ ಗಿಡ ಅಂತ."

ಬೈಯಲಿಲ್ಲ. ಬಟ್ಟಲನ್ನು ನೆಲದ ಮೇಲೆ ಸದ್ದಾಗದ ಹಾಗೆ ಇಟ್ಟರು. ನೀರು ತೆಗೆದುಕೊಂಡು ಬಾಯಿ ಮುಕ್ಕಳಿಸಿದರು. ಒಂದು ಸಲ, ಎರಡು ಸಲ, ಮತ್ತೆ ಒಂದು ಸಲ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿ ಕಂಬಳಿ ಎಳೆದುಕೊಂಡರು. "ಬಾಗ್ಲು ಮುಂದಕ್ಕೆ ಹಾಕ್ಕೊಂಡು ಹೋಗು ಮಗ, ಠಂಡಿ ಬರ್ತದೆ."

ಮೇಲೆ ಬಂದು ವಿಡಿಯೊ ನೋಡಿದೆ. ಗುಟುಕು ನಾಲಿಗೆಗೆ ತಾಗಿದ ಕೂಡಲೇ ಅಜ್ಜಿಯ ಕಣ್ಣು ಮುಚ್ಚಿಕೊಳ್ಳುತ್ತದೆ, ಬೆಳಗ್ಗೆ ಹಬೆಯ ಮೇಲೆ ಮುಚ್ಚುತ್ತಿತ್ತಲ್ಲ, ಹಾಗೇ. ಒಂದು ಕ್ಷಣ ಮುಖವೆಲ್ಲಾ ಅರಳುತ್ತದೆ. ಮರುಕ್ಷಣ ಅವರಿಗೆ ಗೊತ್ತಾಗುತ್ತದೆ. ಆ ಎರಡು ಕ್ಷಣಗಳ ಮೇಲೆ ನನ್ನ ದನಿ, "ಹೆಂಗಿದೆ ಅಜ್ಜಿ? ಹೆಂಗಿದೆ?" ಅಳಿಸಿಹಾಕಿದೆ. ಒಳ್ಳೆಯತನದಿಂದ ಅಲ್ಲ. ನನ್ನ ದನಿ ಕೇಳಲಾಗಲಿಲ್ಲ.

ಮತ್ತೆ ಭೇಲೂಪುರ

ಮಾರನೇ ಬೆಳಗ್ಗೆ ಮೆಟ್ಟಿಲಿಗೆ ವಾಸನೆ ಬರಲಿಲ್ಲ.

ಚಿಕ್ಕಮ್ಮ ಕೆಳಗೆ ಹೋದವಳು ತಡವಾಗಿ ಮೇಲೆ ಬಂದಳು. ಕೈಯಲ್ಲಿ ಅಜ್ಜಿಯ ಟೀ ಪಾತ್ರೆ, ಸೋಸುವ ಬಟ್ಟೆ, ಪುಡಿಯ ಡಬ್ಬಿ. ಎಲ್ಲವನ್ನೂ ನನ್ನ ಮುಂದೆ ಇಟ್ಟಳು.

"ನೆಗಡಿ ಇಟ್ಕೊಂಡು ಬೆಳಕು ಹರಿಯೋಕೆ ಮುಂಚೆ ಹೋಗಿ ಗಂಗೇಲಿ ಮುಳುಗಿ ಬಂದಿದಾರೆ. ಕಾಯಿಸೋದನ್ನೂ ಬಿಟ್ಟರಂತೆ. ಇನ್ಮೇಲೆ ಮುಟ್ಟಲ್ವಂತೆ. ಏನು ಮಾಡಿದೆ ನೀನು?"

ಹೇಳಿದೆ. ಚಿಕ್ಕಮ್ಮ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಖಾಲಿ ಪಾತ್ರೆಯ ಒಳಗೆ ಬೆರಳಾಡಿಸಿದಳು. ಎಷ್ಟು ಉಜ್ಜಿದರೂ ಹೋಗದ ಕಂದು ಬಣ್ಣ ತಳದಲ್ಲಿತ್ತು.

"ಲ್ಯಾಬಲ್ಲಿ ಯಾರ ಹತ್ರ ಬೈಸಿಕೊಂಡ್ರೂ, ಊರಿಂದ ಯಾವ ಸುದ್ದಿ ಬಂದ್ರೂ, ಬೆಳಗ್ಗೆ ಆ ಟೀ ಇರ್ತಿತ್ತು ಕಣೇ ನನಗೆ," ಅಂದಳು. "ಅವರಿಗೆ ಏನಿರ್ತಿತ್ತು ಅಂತ ನಿನಗೆ ಗೊತ್ತಿತ್ತು. ಘಾಟಲ್ಲಿ ಕೂರಿಸಿ ಹೇಳಿದ್ರಲ್ಲ. ಗೊತ್ತಿದ್ದೂ ಮಾಡಿದೀಯ."

ಕೆಳಗೆ ಹೋದೆ. ಅಜ್ಜಿ ಒದ್ದೆ ಕೂದಲು ಹರಡಿಕೊಂಡು ಕೂತಿದ್ದರು. ಕಾಲು ಮುಟ್ಟಿದೆ. "ತಪ್ಪಾಯ್ತು ಅಜ್ಜಿ. ಸುಳ್ಳು ಹೇಳ್ದೆ."

"ನಿಂದೇನಿಲ್ಲ ಏಳು. ನಂದೇ ತಪ್ಪು. ಬುಟ್ಟಿದೀನಿ ಅಂತ ಹೇಳ್ಕೊಂಡು ಮೂಗಿನ ಹತ್ರಾನೇ ಇಟ್ಕೊಂಡಿದ್ದೆ. ಒಂದ್ ದಿನ ಮೂಗು ಕಟ್ತು, ನಾಲ್ಗೆ ಮೋಸ ಹೋಯ್ತು. ಪೂರಾ ಬುಡ್ಬೇಕಿತ್ತು. ಈಗ ಬುಟ್ಟೆ."

ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! "ಅಜ್ಜಿ, ನಾನು ಟೀ ಬಿಟ್ಟುಬಿಡ್ತೀನಿ. ಈಗಲೇ ಘಾಟಿಗೆ ಹೋಗಿ..."

"ಯಾಕವ್ವ, ನಾ ಬುಟ್ಟಿದ್ದನ್ನೇ ನೀನೂ ಬುಡ್ಬೇಕಾ?" ಮೊದಲ ಸಲ ಅವರ ದನಿ ಚುರುಕಾಯಿತು. "ಅದು ನಂದು. ನಿಂದು ಹಾಗಲಕಾಯಿ."

ಉಳಿದ ಎರಡು ದಿನ ನನ್ನ ಡಬ್ಬಿಗಳನ್ನು ಚೀಲದಿಂದ ತೆಗೆಯಲಿಲ್ಲ. ನರ್ಸಮ್ಮ ಬೆಳಗ್ಗೆ ಬಂದು ಅಜ್ಜಿಯ ಬಾಗಿಲಲ್ಲಿ ಇಣುಕಿ, "ಆಜ್ ಭೀ ನಹೀಂ, ಮಾತಾಜೀ?" ಇವತ್ತೂ ಟೀ ಇಲ್ಲವಾ ಅಂತ ಕೇಳಿ ಹೋಗುವುದು ಮೇಲಿನಿಂದ ಕೇಳಿಸುತ್ತಿತ್ತು. ಎರಡೂ ದಿನ ಕೇಳಿಸಿತು.

ಹೊರಡುವ ಬೆಳಗ್ಗೆ

ಚಿಕ್ಕಮ್ಮ ಆಟೋ ತರಲು ಹೋಗಿದ್ದಳು. ನಾನು ಚೀಲ ಇಟ್ಟುಕೊಂಡು ಹೊರಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಪಕ್ಕದಲ್ಲಿ ಅಜ್ಜಿ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ನೆಗಡಿ ವಾಸಿಯಾಗಿತ್ತು. ಮೂಲೆಯ ಅಂಗಡಿಯವನು ಪುರ್ವಾದಲ್ಲಿ ಒಂದು ಟೀ ತಂದು ನನ್ನ ಕೈಗಿಟ್ಟ.

"ನಾನು ಹೇಳಿಲ್ಲ," ಅಂದೆ.

"ನಾ ಹೇಳ್ದೆ," ಅಂದರು ಅಜ್ಜಿ, ಬತ್ತಿಯಿಂದ ಕಣ್ಣೆತ್ತದೆ. "ಬರೀ ಹೊಟ್ಟೇಲಿ ರೈಲು ಹತ್ಬಾರ್ದು. ಕುಡಿ."

ಶುಂಠಿ ಹಾಕಿದ ಟೀ. ಹಬೆ ಎದ್ದು ಅವರ ಕಡೆಗೇ ಬಾಗುತ್ತಿತ್ತು, ಗಾಳಿ ಆ ಕಡೆಗಿತ್ತು. ನಾನು ಗಡಬಡಿಸಿ ಎದ್ದು ಅವರ ಇನ್ನೊಂದು ಮಗ್ಗುಲಿಗೆ ಹೋದೆ.

"ಎಲ್ಲಿಗೆ ಎದ್ದೆ? ಕೂತ್ಕೊ ಇಲ್ಲೇ." ಸೆರಗಿನಿಂದ ಮೊದಲಿನ ಜಾಗ ಒರೆಸಿ ತೋರಿಸಿದರು. "ಗಾಳಿ ಬುಡಕ್ಕಾಗ್ತದಾ ಮಗ?"

ಕೂತೆ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಬಟ್ಟಲನ್ನು ಮಂಡಿಯ ಮೇಲೆ, ಅವರಿಗೆ ಹತ್ತಿರವಾಗುವ ಹಾಗೆ ಹಿಡಿದುಕೊಂಡೆ. ಅರವತ್ತು ಡಿಗ್ರಿ ಯಾವಾಗ ದಾಟಿತೋ ಗೊತ್ತಿಲ್ಲ. ಹಬೆ ಪೂರ್ತಿ ನಿಲ್ಲುವ ತನಕ ನಾನು ಕುಡಿಯಲಿಲ್ಲ.